ಕೆರೆಯಿಂದ ಕೆರೆಗೆ ಅರ್ಕಾವತಿ

ಮಕ್ಕಳೇ, ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಒಂದು ನದಿಯಿದೆ. ಬಸ್ಸಿನಲ್ಲಿ ಹೋಗುವಾಗ ಅದನ್ನು ದಾಟಿದರೂ ನಿಮಗೆ ಗೊತ್ತಾಗುವುದಿಲ್ಲ. ಅದರ ಹೆಸರು ಅರ್ಕಾವತಿ. ಈ ಸಲದ ರಜೆಯಲ್ಲಿ ಅದನ್ನು ಹುಡುಕಿಕೊಂಡು ಹೋಗೋಣ ಬನ್ನಿ.

ಅರ್ಕಾವತಿ ಹುಟ್ಟುವುದು 1,478 ಮೀಟರ್ ಎತ್ತರದ ನಂದಿ ಬೆಟ್ಟದಲ್ಲಿ. ಅದೇ ಬೆಟ್ಟಸಾಲಿನ ಇನ್ನೊಬ್ಬ ಮಗಳು ದಕ್ಷಿಣ ಪಿನಾಕಿನಿ. ಅವಳು ಹೊಸಕೋಟೆಯ ಕಡೆ ಹೊರಟು, ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿ ಸೇರುತ್ತಾಳೆ. ಅರ್ಕಾವತಿಯಾದರೋ ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರದ ದಾರಿ ಹಿಡಿದು, ಸುಮಾರು 190 ಕಿ.ಮೀ. ಸಾಗಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ.

ಹಾಗಾದರೆ ನಮ್ಮ ಕಡೆ ಅವಳು ಕಾಣುವುದಿಲ್ಲವೇಕೆ? ಇಲ್ಲಿ ಅವಳು ಕೆರೆಗಳ ಸರಣಿ. ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದರು. ತೂಬಿನಿಂದ ಗದ್ದೆಗೆ ನೀರು. ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿ ಬಿದ್ದು, ಕಾಲುವೆಯಲ್ಲಿ ಮುಂದಿನ ಊರಿನ ಕೆರೆಗೆ. ನನ್ನಂಥ ಬ್ಯಾಂಕ್ ಗುಮಾಸ್ತನ ಲೆಕ್ಕದಲ್ಲಿ ಕೆರೆಯೆಂದರೆ ಊರಿನ ಉಳಿತಾಯ ಖಾತೆ. ಮಳೆಗಾಲದಲ್ಲಿ ಜಮೆ, ಬೇಸಿಗೆಯಲ್ಲಿ ಖರ್ಚು.

ಮೊದಲು ದೊಡ್ಡಬಳ್ಳಾಪುರಕ್ಕೆ ಬನ್ನಿ. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳ ಹಾಲು ಸುರಿಸುತ್ತಿತ್ತು, ಅದರಿಂದ ಊರಿಗೆ ಈ ಹೆಸರು ಬಂತು ಎಂದು ಕಥೆ ಹೇಳುತ್ತಾರೆ. ಬಳ್ಳ ಎಂದರೆ ಎಷ್ಟು? ಅಜ್ಜಿಯನ್ನು ಕೇಳಿ. ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದು ಕೇಳುತ್ತಾ ನಡೆದು, ನಾಗರಕೆರೆಯ ಏರಿಯ ಮೇಲೆ ನಿಲ್ಲಿ. ನೀವು ಹುಡುಕುತ್ತಿರುವ ನದಿಯ ಒಂದು ತುಣುಕು ಅದು.

ಹತ್ತಿರದಲ್ಲೇ ರಾಜಘಟ್ಟ. ಅಲ್ಲಿ ಗೋಪುರವಿಲ್ಲ, ಜಾತ್ರೆಯ ಗದ್ದಲವಿಲ್ಲ. ಆದರೆ ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಚೈತ್ಯ, ವಿಹಾರದ ಅವಶೇಷಗಳೂ ಜೇಡಿಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳೂ ಸಿಕ್ಕಿದವು. ಭಕ್ತರು ಹರಕೆಯಾಗಿ ಒಪ್ಪಿಸಿದ ಸ್ತೂಪಗಳು ಅವು. ನಾವು ರಾಗಿ ಹೊಲವೆಂದು ನೋಡಿ ಮುಂದೆ ಹೋಗುವ ನೆಲದಡಿ ಏನೇನಿದೆಯೋ!

ಊರಿನಿಂದ ಗೌರಿಬಿದನೂರು ರಸ್ತೆಯಲ್ಲಿ ಸುಮಾರು 10 ಕಿ.ಮೀ. ಹೋದರೆ ಮಾಕಳಿದುರ್ಗ. ಅಪ್ಪ-ಅಮ್ಮನ ಜೊತೆ ಬೆಳಗಿನ ತಂಪಿನಲ್ಲೇ ಹತ್ತಿ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಮೇಲೆ ಹಾಳುಬಿದ್ದ ಕೋಟೆ ಗೋಡೆ, ಹಳೆಯ ಶಿವಾಲಯ, ನಂದಿ. ಕೆಳಗೆ ಕೆರೆ, ಅದರ ಹತ್ತಿರ ಆಟಿಕೆಯಂತೆ ಸಾಗುವ ರೈಲು. ನಮ್ಮಂಥ ಮಂಡಿನೋವಿನವರು ಅಷ್ಟು ಹೊತ್ತು ಘಾಟಿ ಸುಬ್ರಹ್ಮಣ್ಯದಲ್ಲಿ ಕುಳಿತಿರಬಹುದು. ಅಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿರುವ ದೇವರನ್ನು ಕನ್ನಡಿಯಲ್ಲಿ ನೋಡಬೇಕು!

ಇನ್ನೊಂದು ವಿಷಯ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಬೆಂಗಳೂರಿಗೆ ದೂರದಿಂದ ಕೊಳವೆಯಲ್ಲಿ ನೀರು ಬಂದದ್ದು ಮೊದಲು ಈ ನದಿಯಿಂದಲೇ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ. ನೆಲಮಂಗಲದ ಶಿವಗಂಗೆಯಿಂದ ಬರುವ ಕುಮುದ್ವತಿ ಅರ್ಕಾವತಿಯನ್ನು ಸೇರುವಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾಯಿತು. ಅಷ್ಟು ನೀರು ಕೊಟ್ಟವಳು ಬತ್ತಿದ್ದು ಹೇಗೆ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಕಡೆಯ ರೈತರು ತೆರೆದ ಬಾವಿ ತೋಡಲು ಸಾಲ ಕೇಳುತ್ತಿದ್ದರು. ನಿವೃತ್ತನಾಗುವ ಹೊತ್ತಿಗೆ ಬರೀ ಬೋರ್‌ವೆಲ್ ಅರ್ಜಿಗಳು. ವರ್ಷ ವರ್ಷಕ್ಕೂ ಅರ್ಜಿಯಲ್ಲಿನ ಅಡಿಗಳ ಅಂಕಿ ಬೆಳೆಯುತ್ತಲೇ ಹೋಯಿತು. ಜಮೆಗಿಂತ ಖರ್ಚು ಹೆಚ್ಚು. ಜೊತೆಗೆ ನೀಲಗಿರಿ ತೋಪು, ಮುಚ್ಚಿಹೋದ ಕಾಲುವೆ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಪಟ್ಟಣದ ಕೊಳಚೆ, ಕಾರ್ಖಾನೆಯ ತ್ಯಾಜ್ಯ ಸೇರುವುದನ್ನು ನಿಲ್ಲಿಸಿ ಎಂದು ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ.

ಆದರೂ ಒಳ್ಳೆಯ ಮಳೆಯಾದ ವರ್ಷ ಕೋಡಿ ಬಿದ್ದರೆ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತದೆ, ಗಂಗೆಗೆ ಬಾಗಿನ ಕೊಡುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ಹೊರಡಿ. ಟೋಪಿ, ನೀರು, ಬುತ್ತಿ ಇರಲಿ. ಕೆರೆಗೆ ಇಳಿಯಬೇಡಿ, ಪ್ಲಾಸ್ಟಿಕ್ ಬಿಟ್ಟುಬರಬೇಡಿ. ಏರಿಯ ಮೇಲೆ ನಿಂತು ಅಜ್ಜನನ್ನು ಎರಡೇ ಪ್ರಶ್ನೆ ಕೇಳಿ: ಈ ಕೆರೆಗೆ ನೀರು ಎಲ್ಲಿಂದ ಬರುತ್ತದೆ? ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ? ಅಜ್ಜನಿಗೂ ಗೊತ್ತಿಲ್ಲದಿದ್ದರೆ ಅಲ್ಲಿ ದನ ಮೇಯಿಸುವವರನ್ನು ಕೇಳಿ. ಅವರು ಕೈತೋರಿಸಿದ ದಿಕ್ಕಿನಲ್ಲಿದೆ ಅರ್ಕಾವತಿ.