ಹೊಲಕ್ಕೂ ಅದೇ, ಶಾಲೆಗೂ ಅದೇ

1910ರ ಆಸುಪಾಸಿನಲ್ಲಿ ಕೆಂಟಕಿಯಲ್ಲೋ ಓಕ್ಲಹೋಮಾದಲ್ಲೋ ತೆಗೆದ ಹಳ್ಳಿಶಾಲೆಯ ಗುಂಪು ಫೋಟೊಗಳಲ್ಲಿ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಹಲಗೆಗೋಡೆಯ ಒಂದೇ ಕೋಣೆ, ಅದರ ಮುಂದೆ ಸಾಲುಸಾಲಾಗಿ ಮಕ್ಕಳು. ಆರು ವರ್ಷದ ಮಗುವಿನ ಪಕ್ಕದಲ್ಲೇ ಮೀಸೆ ಚಿಗುರುವ ಹುಡುಗ. ಹುಡುಗಿಯರು ಫ್ರಾಕು ತೊಟ್ಟಿದ್ದಾರೆ. ಹುಡುಗರಲ್ಲಿ ಅನೇಕರ ಮೈಮೇಲೆ ಓವರಾಲ್: ಎದೆಯವರೆಗೆ ಏರಿದ ಒರಟು ಬಟ್ಟೆಯ ಪ್ಯಾಂಟು, ಬೆನ್ನಿನಿಂದ ಹೆಗಲು ದಾಟಿ ಬಂದು ಎದೆಯ ಗುಂಡಿಗೆ ಸಿಕ್ಕಿಕೊಂಡ ಎರಡು ಪಟ್ಟಿ. ಕಾಲು ಬರಿಗಾಲು. ದಿಟ್ಟಿಸಿ ನೋಡಿದರೆ ಮೊಣಕಾಲಿನ ತೇಪೆಯೂ ಅಣ್ಣನ ಅಳತೆಯದನ್ನು ತಮ್ಮ ತೊಟ್ಟು ಮೇಲಕ್ಕೆ ಮಡಚಿಕೊಂಡ ಅಂಚೂ ಕಾಣುತ್ತವೆ.

ಆ ಹೊತ್ತಿಗೆ ಅಮೆರಿಕದಲ್ಲಿ ಒಬ್ಬರೇ ಶಿಕ್ಷಕರಿದ್ದ ಶಾಲೆಗಳು ಸುಮಾರು 2 ಲಕ್ಷ ಇದ್ದವು. ಓವರಾಲ್ ತೊಡಬೇಕೆಂದು ಯಾವ ಶಾಲೆಯೂ ನಿಯಮ ಮಾಡಿರಲಿಲ್ಲ. ಆದರೂ ಹಳ್ಳಿಯ ಹುಡುಗರಿಗೆ ಅದು ಸಮವಸ್ತ್ರದಷ್ಟೇ ಸಾಮಾನ್ಯವಾಗಿತ್ತು. ಕಾರಣ ಸರಳ. ಪಾಠ ಕೇಳಲು ಬಂದ ಮಗು ಬೆಳಿಗ್ಗೆ ಹಾಲು ಕರೆದು ಬಂದಿರುತ್ತಿತ್ತು, ಸಂಜೆ ಸೌದೆ ಒಡೆಯಲು ಹೋಗಬೇಕಿತ್ತು. ಎರಡು ಕೆಲಸದ ನಡುವೆ ಬದಲಾಯಿಸಿಕೊಳ್ಳಲು ಅದಕ್ಕೆ ಬೇರೊಂದು ಜೊತೆ ಬಟ್ಟೆ ಇರುತ್ತಿರಲಿಲ್ಲ.

ಓವರಾಲ್ ಮೂಲತಃ ದೊಡ್ಡವರ ದುಡಿಮೆಯ ಬಟ್ಟೆ. ನೆವಾಡಾದ ರೀನೊ ಊರಿನ ದರ್ಜಿ ಜೇಕಬ್ ಡೇವಿಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಸೇರಿ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆಯುವ ವಿಧಾನಕ್ಕೆ 1873ರಲ್ಲಿ ಪೇಟೆಂಟ್ ಪಡೆದರು. ಗಣಿ ಕಾರ್ಮಿಕರ ಜೇಬು ಹರಿಯದಂತೆ ಮಾಡುವುದು ಅದರ ಉದ್ದೇಶ. 1889ರಲ್ಲಿ ಹ್ಯಾಮಿಲ್ಟನ್ ಕಾರ್‌ಹಾರ್ಟ್ ಡೆಟ್ರಾಯಿಟ್‌ನಲ್ಲಿ ಕಂಪನಿ ತೆರೆದು ರೈಲ್ವೆ ಕೆಲಸಗಾರರಿಗಾಗಿ ಓವರಾಲ್ ಹೊಲಿಸತೊಡಗಿದರು. 1895ರಲ್ಲಿ ವಿಸ್ಕಾನ್ಸಿನ್‌ನ ಆಷ್‌ಕಾಷ್ ಪಟ್ಟಣದಲ್ಲಿ ಬೇರೊಂದು ಕಂಪನಿಯ ಓವರಾಲ್ ಕಾರ್ಖಾನೆ ಶುರುವಾಯಿತು. ಕ್ಯಾನ್ಸಸ್‌ನಲ್ಲಿ ದಿನಸಿ ಮಾರುತ್ತಿದ್ದ ಲೀ ಕಂಪನಿಯೂ 1911ರ ಹೊತ್ತಿಗೆ ಓವರಾಲ್ ತಯಾರಿಕೆಗೆ ಇಳಿಯಿತು. ಗಣಿ, ಎಂಜಿನ್, ನೇಗಿಲು ಎಲ್ಲಿದ್ದವೋ ಅಲ್ಲೆಲ್ಲ ಈ ಬಟ್ಟೆ ಹೋಯಿತು. ಅಪ್ಪ ತೊಟ್ಟದ್ದನ್ನು ಚಿಕ್ಕ ಅಳತೆಗೆ ಕತ್ತರಿಸಿದರೆ ಮಗನದ್ದಾಯಿತು.

ಹಳ್ಳಿಗೆ ಅದನ್ನು ತಲುಪಿಸಿದ್ದು ಅಂಚೆ. 1896ರಲ್ಲಿ ಹಳ್ಳಿಮನೆಗಳ ಬಾಗಿಲಿಗೇ ಪತ್ರ ತರುವ ಉಚಿತ ಸೇವೆ ಆರಂಭವಾಯಿತು. 1913ರ ಜನವರಿ 1ರಿಂದ ದೊಡ್ಡ ಪಾರ್ಸೆಲ್‌ಗಳೂ ಅಂಚೆಯಲ್ಲೇ ಬರತೊಡಗಿದವು. ಷಿಕಾಗೊದ ಸಿಯರ್ಸ್ ಮತ್ತು ಮಾಂಟ್ಗಮರಿ ವಾರ್ಡ್ ಕಂಪನಿಗಳ ದಪ್ಪ ಕ್ಯಾಟಲಾಗ್ ರೈತರ ಅಡುಗೆಮನೆಯ ಮೇಜಿನ ಮೇಲೆ ಕೂತಿತು. ಮಗನ ವಯಸ್ಸು, ಎದೆಯ ಸುತ್ತಳತೆ, ಕಾಲಿನ ಉದ್ದ ಬರೆದು ಹಣ ಕಳಿಸಿದರೆ ಬಟ್ಟೆ ಮನೆಗೆ ಬರುತ್ತಿತ್ತು. ದಕ್ಷಿಣದ ಹತ್ತಿ ಸೀಮೆಯಲ್ಲಿ ಮಕ್ಕಳ ಹೊಸ ಬಟ್ಟೆಗೆ ಕಾಲವೆಂದರೆ ಹತ್ತಿ ಮಾರಿ ಕೈಗೆ ನಾಲ್ಕು ಕಾಸು ಬಂದಾಗ. ಬೆಳೆ ಕೈಕೊಟ್ಟ ವರ್ಷ ಹಳೆಯದಕ್ಕೇ ಇನ್ನೊಂದು ತೇಪೆ ಬೀಳುತ್ತಿತ್ತು.

ಬೆಳೆಯುವ ಮಗುವಿಗೆ ಇಷ್ಟು ಹೊಂದುವ ಬಟ್ಟೆ ಇನ್ನೊಂದಿರಲಿಲ್ಲ. ಹೆಗಲಪಟ್ಟಿಯ ಕೊಂಡಿಯನ್ನು ಒಂದಿಷ್ಟು ಸರಿಸಿದರೆ ಪ್ಯಾಂಟು ಉದ್ದವಾಗುತ್ತಿತ್ತು. ಸೊಂಟದ ಪಕ್ಕದ ಗುಂಡಿ ಬಿಚ್ಚಿದರೆ ಅಗಲವಾಗುತ್ತಿತ್ತು. ಬೆಲ್ಟಿನ ಖರ್ಚಿಲ್ಲ, ಬಗ್ಗಿದಾಗ ಜಾರುವ ಭಯವಿಲ್ಲ. ಎದೆಯ ಜೇಬಿನಲ್ಲಿ ಪೆನ್ಸಿಲ್ ನಿಲ್ಲುತ್ತಿತ್ತು, ಪಕ್ಕದ ಜೇಬುಗಳಲ್ಲಿ ಗೋಲಿ, ಹುರಿ, ಸೇಬು ತುಂಬುತ್ತಿದ್ದವು. ಚಳಿಗಾಲದಲ್ಲಿ ಒಳಗೆ ಇನ್ನೊಂದು ಉಡುಪು ತೊಡಲೂ ಜಾಗವಿರುತ್ತಿತ್ತು.

ಆದರೆ ಅದನ್ನು ಶಾಲೆಗೆ ತಕ್ಕುದಾಗಿ ಮಾಡುತ್ತಿದ್ದವಳು ತಾಯಿ. ಬಾವಿಯಿಂದ ನೀರು ಸೇದಿ, ಅಂಗಳದ ಕಬ್ಬಿಣದ ಕಡಾಯಿಯಲ್ಲಿ ಕಾಯಿಸಿ, ಮನೆಯಲ್ಲೇ ಮಾಡಿದ ಕ್ಷಾರದ ಸೋಪು ಹಚ್ಚಿ, ಗೀರುಗೀರಿನ ಹಲಗೆಯ ಮೇಲೆ ಉಜ್ಜಿ ಉಜ್ಜಿ ಒಗೆಯಬೇಕಿತ್ತು. ನೆನೆದ ಡೆನಿಮ್ ಹಿಂಡಲು ರಟ್ಟೆಯಲ್ಲಿ ಬಲ ಬೇಕು. ಒಗೆತ ಒಗೆತಕ್ಕೂ ನೀಲಿ ಇಳಿದು ಬಟ್ಟೆ ಮೆತ್ತಗಾಗುತ್ತಿತ್ತು, ಕೊನೆಗೆ ಆಕಾಶದ ತಿಳಿಬಣ್ಣಕ್ಕೆ ಬರುತ್ತಿತ್ತು. ಹಳೆಯ ಫೋಟೊಗಳಲ್ಲಿ ಕಾಣುವ ಅಚ್ಚುಕಟ್ಟಾದ ಚೌಕ ತೇಪೆಗಳನ್ನು ಬಡತನದ ಗುರುತೆಂದು ಮಾತ್ರ ಓದುವುದು ಅನ್ಯಾಯ. ರಾತ್ರಿ ಸೀಮೆಎಣ್ಣೆ ದೀಪದಡಿ ಕೂತು, ತನ್ನ ಮಗು ಹರಿದ ಬಟ್ಟೆಯಲ್ಲಿ ಶಾಲೆಗೆ ಹೋಗಬಾರದೆಂದು ಹಟ ಹಿಡಿದವರ ಕೈಕೆಲಸ ಅದು.

ಶಾಲೆಯ ವೇಳಾಪಟ್ಟಿಯೂ ಹೊಲದ ಮಾತು ಕೇಳುತ್ತಿತ್ತು. ಹತ್ತಿ ಬೆಳೆಯುವ ಜಿಲ್ಲೆಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಮುಚ್ಚುತ್ತಿತ್ತು. ಮುಚ್ಚದ ಕಡೆ ಬೆಂಚುಗಳು ತಾವಾಗಿ ಖಾಲಿಯಾಗುತ್ತಿದ್ದವು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗಾಗಿ ಕ್ಯಾಮೆರಾ ಹಿಡಿದು ಊರೂರು ತಿರುಗಿದ ಲೂಯಿಸ್ ಹೈನ್, ಗಿರಣಿ ಮತ್ತು ಕಲ್ಲಿದ್ದಲು ಗಣಿಗಳ ಮಕ್ಕಳ ಚಿತ್ರಗಳಿಂದ ಹೆಸರಾದವರು. ಅವರೇ 1916ರಲ್ಲಿ ಕೆಂಟಕಿ ಮತ್ತು ಓಕ್ಲಹೋಮಾದ ಹಳ್ಳಿಶಾಲೆಗಳಿಗೂ ಹೋದರು. ಚಿತ್ರದ ಜೊತೆ ವಿವರ ಬರೆದಿಡುವುದು ಅವರ ರೂಢಿ: ಮಗುವಿನ ವಯಸ್ಸೆಷ್ಟು, ಎಷ್ಟು ದಿನ ಶಾಲೆ ತಪ್ಪಿಸಿತು, ಯಾವ ಬೆಳೆಯ ಕೆಲಸಕ್ಕೆ ತಪ್ಪಿಸಿತು. ತಂಬಾಕಿನ ಹೊಲದಲ್ಲಿ ನಿಂತ ಹುಡುಗನ ಬಟ್ಟೆಯನ್ನೂ ತರಗತಿಯ ಬಾಗಿಲಲ್ಲಿ ನಿಂತ ಹುಡುಗನ ಬಟ್ಟೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸವಿಲ್ಲ. ಹೈನ್ ವಾದಿಸಲು ಹೊರಟದ್ದೂ ಅದನ್ನೇ. ಕಾರ್ಖಾನೆಯ ಮಗು ಕಾರ್ಮಿಕನಾದರೆ ಹೊಲದ ಮಗುವೂ ಕಾರ್ಮಿಕನೇ.

ಪೇಟೆಯ ಮಕ್ಕಳಿಗೆ ಓವರಾಲ್ ಎಂದರೆ ಬೇರೆಯೇ. ಲೀವೈ ಸ್ಟ್ರಾಸ್ ಕಂಪನಿ 1912ರಲ್ಲಿ ಮಕ್ಕಳಿಗೆಂದು ಮೇಲಿಂದ ಕೆಳಗಿನವರೆಗೆ ಒಂದೇ ತುಂಡಿನ ಕವರಾಲ್ಸ್ ಎಂಬ ಆಟದ ಉಡುಪನ್ನು ತಂದು ದೇಶದಾದ್ಯಂತ ಮಾರಿತು. ಪೇಟೆಯ ಹುಡುಗ ಮಣ್ಣಿನಲ್ಲಿ ಆಡಲು ಅಂಥದ್ದನ್ನು ತೊಟ್ಟು, ಶಾಲೆಗೆ ಹೋಗುವಾಗ ಮೊಣಕಾಲಿನವರೆಗಿನ ಚಡ್ಡಿ, ಕಾಲುಚೀಲ, ಬೂಟು ಹಾಕಿಕೊಳ್ಳುತ್ತಿದ್ದ. ಹಳ್ಳಿಯ ಹುಡುಗ ಪೇಟೆಯ ಹೈಸ್ಕೂಲಿನ ಮೆಟ್ಟಿಲು ಹತ್ತಿದ ದಿನ ಅವನ ಹುಟ್ಟೂರನ್ನು ಬಟ್ಟೆಯೇ ಹೇಳಿಬಿಡುತ್ತಿತ್ತು.

ಬಟ್ಟೆಯೇ ಗುಟ್ಟು ಬಿಡುವ ಈ ನೋವನ್ನು ಅಲಬಾಮದ ಹಾರ್ಪರ್ ಲೀ ಚೆನ್ನಾಗಿ ಬಲ್ಲವರಾಗಿದ್ದರು. 1960ರಲ್ಲಿ ಬಂದ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿಯಲ್ಲಿ, ಶಾಲೆಯ ಮೊದಲ ದಿನ ವಾಲ್ಟರ್ ಕನಿಂಗ್‌ಹ್ಯಾಮ್ ಎಂಬ ಬಡ ರೈತನ ಮಗ ಬರಿಗಾಲಲ್ಲಿ ಬರುತ್ತಾನೆ. ಅವನ ಮುಖ ನೋಡಿದರೇ ಕೊಕ್ಕೆಹುಳುವಿನ ರೋಗ ತಿಳಿಯುತ್ತದೆ. ಆದರೆ ಅಂಗಿ ಮಡಿಯಾಗಿದೆ, ಓವರಾಲಿಗೆ ಒಪ್ಪವಾಗಿ ತೇಪೆ ಹಾಕಲಾಗಿದೆ. ಕೊಕ್ಕೆಹುಳು ಲೇಖಕಿಯ ಕಲ್ಪನೆಯಲ್ಲ. ಬರಿಗಾಲಿನ ಮೂಲಕ ಮೈಸೇರುವ ಈ ಹುಳುವಿನ ವಿರುದ್ಧ ದಕ್ಷಿಣದ ರಾಜ್ಯಗಳಲ್ಲಿ 1909ರಿಂದ ರಾಕ್‌ಫೆಲರ್ ಹಣದ ನೆರವಿನಿಂದ ದೊಡ್ಡ ಆಂದೋಲನವೇ ನಡೆದಿತ್ತು. ಅದೇ ಕಾದಂಬರಿಯ ಪುಟ್ಟ ನಾಯಕಿ ಸ್ಕೌಟ್ ಓವರಾಲ್ ತೊಡುತ್ತಾಳೆಂದು ಅವಳ ಸೋದರತ್ತೆ ಸಿಡುಕುತ್ತಾಳೆ. ನಿಜ ಬದುಕಿನಲ್ಲೂ ಹಳ್ಳಿಯ ಹುಡುಗಿ ಹೊಲದಲ್ಲಿ ಅಣ್ಣನ ಹಳೆಯ ಓವರಾಲ್ ಹಾಕಿಕೊಂಡು ಗೇಯಬಹುದಿತ್ತು. ಶಾಲೆಗೆ ಮಾತ್ರ ಫ್ರಾಕೇ ಬೇಕು. ಕೊಳ್ಳಲು ಹಣವಿಲ್ಲದ ತಾಯಂದಿರು ಹಿಟ್ಟಿನ ಚೀಲ, ಕೋಳಿ ಮೇವಿನ ಚೀಲಗಳನ್ನು ಬಿಚ್ಚಿ ಫ್ರಾಕು ಹೊಲಿದರು. ಇದನ್ನು ತಿಳಿದ ಕಂಪನಿಗಳು ಚೀಲದ ಮೇಲೆ ಹೂವಿನ ಚಿತ್ತಾರ ಅಚ್ಚು ಹಾಕತೊಡಗಿದವು.

1920ರಲ್ಲಿ ಪೇಟೆಯ ದೊಡ್ಡವರೂ ಒಮ್ಮೆ ಈ ಬಟ್ಟೆಗೆ ಬಂದರು. ಮೊದಲ ಮಹಾಯುದ್ಧದ ನಂತರ ಬಟ್ಟೆಯ ಬೆಲೆ ಏರಿದ್ದನ್ನು ಪ್ರತಿಭಟಿಸಿ ಫ್ಲಾರಿಡಾ, ಅಲಬಾಮಗಳಲ್ಲಿ ಓವರಾಲ್ ಸಂಘಗಳು ಹುಟ್ಟಿಕೊಂಡವು. ಜಾರ್ಜಿಯಾದ ಸಂಸದ ವಿಲಿಯಂ ಅಪ್‌ಷಾ ಓವರಾಲ್ ತೊಟ್ಟೇ ಸಂಸತ್ತಿಗೆ ಬಂದರು. ಪೇಟೆಯವರು ಮುಗಿಬಿದ್ದು ಕೊಂಡದ್ದರಿಂದ ಓವರಾಲ್‌ಗಳ ಬೆಲೆಯೂ ಏರಿತು. ಕೆಲವೇ ವಾರಗಳಲ್ಲಿ ಚಳವಳಿ ತಣ್ಣಗಾಯಿತು. ಬೇರೆ ಬಟ್ಟೆ ಇಲ್ಲದವರಿಗೆ ಅದರಿಂದಾದದ್ದು ನಷ್ಟವೇ.

ಮೂವತ್ತರ ದಶಕದ ಆರ್ಥಿಕ ಕುಸಿತ ಮತ್ತು ಧೂಳಿನ ಬಿರುಗಾಳಿ ಈ ಬಟ್ಟೆಯನ್ನು ದೇಶದ ಕಣ್ಣಿಗೆ ತಂದವು. ಸರ್ಕಾರದ ಕೃಷಿ ಭದ್ರತಾ ಇಲಾಖೆ ಡೊರೊತಿಯಾ ಲ್ಯಾಂಗ್, ವಾಕರ್ ಇವಾನ್ಸ್, ರಸೆಲ್ ಲೀ, ಆರ್ಥರ್ ರಾಥ್‌ಸ್ಟೈನ್ ಮುಂತಾದವರನ್ನು ಹಳ್ಳಿಗಳಿಗೆ ಕಳಿಸಿತು. 1936ರ ಬೇಸಿಗೆಯಲ್ಲಿ ಅಲಬಾಮದ ಗೇಣಿದಾರರ ಮನೆಗಳಲ್ಲಿ ಇವಾನ್ಸ್ ಜೊತೆ ತಂಗಿದ್ದ ಲೇಖಕ ಜೇಮ್ಸ್ ಏಜಿ, 1941ರ ತಮ್ಮ ಪುಸ್ತಕದಲ್ಲಿ ಓವರಾಲ್ ಹೇಗೆ ಮಾಸುತ್ತದೆ, ಮೈಗೆ ಹೇಗೆ ಒಗ್ಗುತ್ತದೆ ಎಂಬುದನ್ನೇ ಪುಟಗಟ್ಟಲೆ ಬರೆದರು. ಓಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದ ಮಕ್ಕಳಿಗೆ ಅಲ್ಲಿನ ಶಾಲೆಗಳಲ್ಲಿ ಸಿಕ್ಕಿದ್ದು ಮೂದಲಿಕೆ. ಬಟ್ಟೆ, ಮಾತಿನ ಧಾಟಿ, ಬರಿಗಾಲು ಯಾವುದನ್ನೂ ಬಿಡದೆ ಹಂಗಿಸುತ್ತಿದ್ದರು. ಕರ್ನ್ ಕೌಂಟಿಯ ಶಿಕ್ಷಣಾಧಿಕಾರಿ ಲಿಯೊ ಹಾರ್ಟ್ 1940ರಲ್ಲಿ ಆ ಮಕ್ಕಳಿಗೆಂದೇ ವಲಸಿಗರ ಶಿಬಿರದ ಪಕ್ಕ ಒಂದು ಶಾಲೆ ತೆರೆದರು. ಮಕ್ಕಳೇ ಶಿಕ್ಷಕರ ಜೊತೆ ನಿಂತು ಕಟ್ಟಡ ಎಬ್ಬಿಸಿದರು, ತರಕಾರಿ ಬೆಳೆದರು, ಈಜುಕೊಳವನ್ನೂ ತೋಡಿದರು. ಕೈಕೆಲಸ ಬಲ್ಲ ಮಕ್ಕಳೆಂಬುದನ್ನು ಅವರ ಬಲವೆಂದೇ ಕಂಡ ಶಾಲೆ ಅದು.

ಕಪ್ಪು ಮಕ್ಕಳ ಪಾಡು ಇನ್ನೂ ಕಠಿಣವಾಗಿತ್ತು. ಅವರ ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದ ಹಣ ಕಡಿಮೆ, ಶಾಲೆಯ ದಿನಗಳೂ ಕಡಿಮೆ. ಬುಕರ್ ಟಿ. ವಾಷಿಂಗ್ಟನ್ ಅವರ ಪ್ರೇರಣೆಯಿಂದ ಸಿಯರ್ಸ್ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್ ಮತ್ತು ಊರಿನ ಕಪ್ಪು ಜನ ಸೇರಿ 1912ರಿಂದ 1932ರವರೆಗೆ ದಕ್ಷಿಣದಲ್ಲಿ ಸುಮಾರು 5,000 ಶಾಲೆಗಳನ್ನು ಕಟ್ಟಿದರು. ಓವರಾಲ್ ಮಾರಿದ ಕಂಪನಿಯ ಲಾಭದ ಒಂದು ಪಾಲು, ಓವರಾಲ್ ತೊಟ್ಟ ಮಕ್ಕಳ ಶಾಲೆಗೆ ಹೀಗೆ ಬಂತು.

ಬಟ್ಟೆ ತೊಡಲಾರದಷ್ಟು ಸವೆದ ಮೇಲೂ ಅದರ ಆಯುಷ್ಯ ಮುಗಿಯುತ್ತಿರಲಿಲ್ಲ. ಅಲಬಾಮದ ಜೀಸ್ ಬೆಂಡ್ ಎಂಬ ಕಪ್ಪು ಜನರ ಹಳ್ಳಿಯಲ್ಲಿ ಹೆಂಗಸರು ಹಳೆಯ ಓವರಾಲ್, ಅಂಗಿಗಳನ್ನು ಕತ್ತರಿಸಿ ಹೊದಿಕೆ ಹೊಲಿದರು. 1942ರಲ್ಲಿ ಆ ಊರಿನ ಮಿಸೂರಿ ಪೆಟ್‌ವೇ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳಿಂದಲೇ ಒಂದು ಹೊದಿಕೆ ಮಾಡಿದರು. ಜೀಸ್ ಬೆಂಡಿನ ಹೊದಿಕೆಗಳನ್ನು 2002ರಿಂದ ಅಮೆರಿಕದ ದೊಡ್ಡ ಸಂಗ್ರಹಾಲಯಗಳು ಪ್ರದರ್ಶಿಸಿವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ, ಆಫ್ರಿಕ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳೂ ಹೀಗೇ ಹಳೆ ಬಟ್ಟೆಯಿಂದ ಹುಟ್ಟುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಆ ಕೌದಿಗಳನ್ನು ಅಮೆರಿಕಕ್ಕೆ ಒಯ್ದು ಪ್ರದರ್ಶಿಸಿದ್ದಾರೆ.

ಅರವತ್ತರ ದಶಕದಲ್ಲಿ ಮಿಸಿಸಿಪ್ಪಿ, ಜಾರ್ಜಿಯಾಗಳ ಹಳ್ಳಿಗಳಿಗೆ ಮತದಾರರ ನೋಂದಣಿಗೆಂದು ಹೋದ ವಿದ್ಯಾರ್ಥಿ ಹೋರಾಟಗಾರರು ಹುಡುಗ ಹುಡುಗಿಯೆನ್ನದೆ ಓವರಾಲ್ ತೊಟ್ಟರು. ಕಾಲೇಜಿನ ಇಸ್ತ್ರಿ ಬಟ್ಟೆ ಬಿಟ್ಟು ಗೇಣಿದಾರರ ಬಟ್ಟೆಗೆ ಬಂದದ್ದು ಅವರ ಪಾಲಿಗೆ ಪಕ್ಷ ವಹಿಸಿದ ಮಾತು. ಮಕ್ಕಳು ನಾಚಿ ತೊಟ್ಟದ್ದನ್ನು ಇವರು ಎದೆಯೆತ್ತಿ ತೊಟ್ಟರು.

ಅಷ್ಟರಲ್ಲಿ ಶಾಲೆಯಿಂದ ಅದು ಮರೆಯಾಗುತ್ತಿತ್ತು. ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗಳಿಗೆ ಸೇರಿಸಲಾಯಿತು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಸಭೆಯೊಂದು ಶಾಲಾ ಬಸ್ಸಿಗೆ ಹಳದಿ ಬಣ್ಣ ಗೊತ್ತುಮಾಡಿತು, ಆ ಬಸ್ಸು ಹಳ್ಳಿಯ ಮಕ್ಕಳನ್ನು ಪೇಟೆಗೆ ಕರೆತಂದಿತು. ಟ್ರ್ಯಾಕ್ಟರ್ ಮತ್ತು ಹತ್ತಿ ಬಿಡಿಸುವ ಯಂತ್ರ ಮಕ್ಕಳ ಕೆಲಸ ಕಸಿದವು. ಪೇಟೆಯ ಗೆಳೆಯರ ನಡುವೆ ಹಳ್ಳಿಯ ಹುಡುಗನೂ ಜೀನ್ಸಿಗೆ ತಿರುಗಿದ. 1951ರಲ್ಲಿ ಪತ್ರಿಕೆಗಳಿಗೆ ಬಂದ ವ್ಯಂಗ್ಯಚಿತ್ರದ ತುಂಟ ಡೆನಿಸ್ ಓವರಾಲ್ ತೊಟ್ಟಿದ್ದಾನೆ, ಆದರೆ ಅವನು ಪೇಟೆ ಬಡಾವಣೆಯ ಹುಡುಗ, ಹೊಲದ ಮಣ್ಣು ಅವನಿಗೆ ಹತ್ತಿದ್ದಿಲ್ಲ. ಅರವತ್ತರ ದಶಕದಲ್ಲಿ ಅಂಚೆ ಮಾರಾಟದ ಕಂಪನಿಯೊಂದು ಆಷ್‌ಕಾಷ್‌ನ ಪುಟ್ಟ ಓವರಾಲನ್ನು ಕ್ಯಾಟಲಾಗಿನಲ್ಲಿ ಹಾಕಿದ ಮೇಲೆ ಬೇಡಿಕೆ ಏರುತ್ತಾ ಹೋಯಿತು. ರೈಲ್ವೆ ಕೆಲಸಗಾರರಿಗೆ ಹೊಲಿಯುತ್ತಿದ್ದ ಕಾರ್ಖಾನೆ ಕೂಸುಗಳ ಬಟ್ಟೆಗೆ ಹೆಸರಾಯಿತು.

ಬಟ್ಟೆ ಹೋಯಿತೆಂದು ಹೊಲದ ಮಗು ಹೋಗಲಿಲ್ಲ. ಕಾರ್ಖಾನೆಗಳಲ್ಲಿ ಬಾಲಕಾರ್ಮಿಕರನ್ನು ನಿಷೇಧಿಸಿದ 1938ರ ಅಮೆರಿಕದ ಕಾಯ್ದೆ ಬೇಸಾಯಕ್ಕೆ ರಿಯಾಯಿತಿ ಕೊಟ್ಟಿತು, ಆ ರಿಯಾಯಿತಿ ಇಂದಿಗೂ ಉಳಿದಿದೆ. ತಂದೆತಾಯಿ ಒಪ್ಪಿದರೆ 12 ವರ್ಷದ ಮಗು ಶಾಲೆಯ ಸಮಯದ ಹೊರಗೆ ಬೇರೆಯವರ ಹೊಲದಲ್ಲಿ ದುಡಿಯಬಹುದು, ದಿನಕ್ಕೆ ಇಷ್ಟೇ ಗಂಟೆ ಎಂಬ ಮಿತಿ ಒಕ್ಕೂಟದ ಕಾನೂನಿನಲ್ಲಿಲ್ಲ. ಹೀಗೆ ದುಡಿಯುವವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಕುಟುಂಬಗಳ ಮಕ್ಕಳು. ಅವರು ಜೀನ್ಸು, ಟೀ ಶರ್ಟಿನಲ್ಲಿ ಹೊಲಕ್ಕೆ ಹೋಗುತ್ತಾರೆ. ಶಾಲೆಯ ಗುಂಪು ಫೋಟೊದಲ್ಲಿ ಉಳಿದ ಮಕ್ಕಳಿಂದ ಅವರನ್ನು ಬೇರ್ಪಡಿಸಿ ತೋರಿಸುವ ಬಟ್ಟೆ ಈಗ ಇಲ್ಲ. ಆದ್ದರಿಂದ ಹೈನ್ ಮಾಡಿದಂತೆ ಶಾಲೆಗೇ ಹೋಗಿ, ಯಾರು ಎಷ್ಟು ದಿನ ಬಂದಿಲ್ಲ, ಯಾವ ಬೆಳೆಯ ಕೆಲಸಕ್ಕೆ ಹೋಗಿದ್ದಾರೆ ಎಂದು ಕೇಳುವ ಕೆಲಸ ಇನ್ನೂ ಬಾಕಿಯಿದೆ.