ಎಂಟನೆಯ ಬಾಗಿಲು

ಲಂಡನ್ನಿನ ವಸತಿ ಕಟ್ಟಡವೊಂದರ ಆರನೆಯ ಮಹಡಿ. ಲಿಫ್ಟಿನಿಂದ ಹೊರಬಂದು ಕಾರಿಡಾರಿನಲ್ಲಿ ನಿಂತಿದ್ದೀರಿ. ಎಡಕ್ಕೆ ನಾಲ್ಕು ಫ್ಲ್ಯಾಟ್, ಬಲಕ್ಕೆ ನಾಲ್ಕು. ಎಲ್ಲಕ್ಕೂ ಒಂದೇ ಬಗೆಯ ಬೂದು ಬಾಗಿಲು, ಮೇಲೆ ಡೋರ್ ಕ್ಲೋಸರ್. ಮೌಸಿನ ಚಕ್ರವನ್ನು ಒಂದಿಷ್ಟು ಹೆಚ್ಚು ತಿರುಗಿಸಿದಿರೋ, ಗೋಡೆಯನ್ನೇ ತೂರಿ ಆಚೆಗೆ ಹೋಗುತ್ತೀರಿ. ನೀವಿರುವುದು ಬಿಐಎಂ ಮಾಡೆಲಿನೊಳಗೆ, ಅಂದರೆ ಕಟ್ಟಡದ ಮಾಹಿತಿ ತುಂಬಿದ ಡಿಜಿಟಲ್ ಮಾದರಿಯೊಳಗೆ. ಕುರ್ಚಿ ಇರುವುದು ಬೆಂಗಳೂರಿನ ಆಫೀಸಿನಲ್ಲಿ.

ಪಕ್ಕದ ಪರದೆಯಲ್ಲಿ ತಪಾಸಣೆಯ ವರದಿ ತೆರೆದಿದೆ. ಪ್ರತಿ ಬಾಗಿಲಿಗೂ ಫೈರ್ ರೇಟಿಂಗ್ ನಮೂದಾಗಿರಬೇಕು ಎಂಬ ನಿಯಮದ ಮುಂದೆ ಹಸಿರು ಗುರುತು. ಅದರ ಕೆಳಗಿನ ಸಾಲುಗಳೂ ಹಸಿರು.

"ಎಲ್ಲಾ ಗ್ರೀನೇ ಇದೆಯಲ್ಲಾ, ಕಳಿಸಿಬಿಡ್ಲಾ?" ಪಕ್ಕದ ಸೀಟಿನ ಹುಡುಗಿ ಕೇಳುತ್ತಾಳೆ.

"ಸ್ವಲ್ಪ ತಡಿ."

ಡೋರ್ ಶೆಡ್ಯೂಲ್ ತೆರೆದು ಈ ಮಹಡಿಯ ಸಾಲುಗಳನ್ನು ಎಣಿಸುತ್ತೀರಿ. ಫ್ಲ್ಯಾಟಿನ ಬಾಗಿಲು ಏಳು. ಮತ್ತೆ ಕಾರಿಡಾರಿಗೆ ಬಂದು ಕಣ್ಣಿನಿಂದ ಎಣಿಸುತ್ತೀರಿ. ಎಂಟು.

ಇನ್ನು ಒಂದೊಂದನ್ನೇ ಕ್ಲಿಕ್ಕಿಸಬೇಕು. ಮೊದಲನೆಯದು: ಐಎಫ್‌ಸಿಡೋರ್. ಎರಡನೆಯದೂ ಅದೇ. ಏಳನೆಯವರೆಗೂ ಅದೇ. ಕೊನೆಯದನ್ನು ಮುಟ್ಟಿದಾಗ ಬರುವ ಹೆಸರು ಬೇರೆ: ಐಎಫ್‌ಸಿಬಿಲ್ಡಿಂಗ್‌ಎಲಿಮೆಂಟ್‌ಪ್ರಾಕ್ಸಿ.

ಐಎಫ್‌ಸಿ ಎಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಕಟ್ಟಡದ ಮಾಹಿತಿಯನ್ನು ಹಂಚಿಕೊಳ್ಳಲು ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆ ರೂಪಿಸಿದ ಮುಕ್ತ ವ್ಯವಸ್ಥೆ. ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕ. ಗೋಡೆ, ಚಪ್ಪಡಿ, ಕಿಟಕಿ, ಬಾಗಿಲು, ಹೀಗೆ ಅದರಲ್ಲಿ ಪ್ರತಿಯೊಂದಕ್ಕೂ ಒಂದು ವರ್ಗವಿದೆ. ಯಾವುದಕ್ಕೂ ಸೇರದ್ದನ್ನು ಹಾಕಲು ಇರುವುದು ಪ್ರಾಕ್ಸಿ. ಈ ಬಾಗಿಲನ್ನು ಯಾರೋ ಜೆನೆರಿಕ್ ಮಾಡೆಲ್ ಆಗಿ ಮಾಡಿ ಇಲ್ಲಿ ಕೂರಿಸಿದ್ದಾರೆ. ಹಲಗೆ, ಚೌಕಟ್ಟು, ಹಿಡಿ ಎಲ್ಲ ಸರಿಯಾಗಿವೆ. ಆದರೂ ಕಂಪ್ಯೂಟರಿನ ಪಾಲಿಗೆ ಅದು ಬರೀ ಒಂದು ವಸ್ತು.

ವರದಿ ಹಸಿರಾದದ್ದು ಹೇಗೆಂದು ಈಗ ತಿಳಿಯುತ್ತದೆ. ನಿಯಮ ಕೇಳಿದ್ದು ಬಾಗಿಲುಗಳನ್ನು. ಏಳು ಬಾಗಿಲುಗಳು ಉತ್ತರ ಕೊಟ್ಟವು. ಎಂಟನೆಯದನ್ನು ಯಾರೂ ಕೇಳಲೇ ಇಲ್ಲ. ಗಣತಿಯವರು ಮೆಟ್ಟಿಲು ಹತ್ತದ ಮನೆಯಲ್ಲಿ ಎಷ್ಟು ಜನರಿದ್ದರೂ ಲೆಕ್ಕದಲ್ಲಿ ಅವರಿಲ್ಲ. ತಪ್ಪು ಬೆಲೆ ತುಂಬಿದ್ದರೆ ಯಾರಾದರೂ ಹಿಡಿದಾರು. ತಪ್ಪು ವರ್ಗಕ್ಕೆ ಸೇರಿದ್ದು ಪರೀಕ್ಷೆಯ ಕೊಠಡಿಗೇ ಬರುವುದಿಲ್ಲ.

ಒಂದು ಬಾಗಿಲಿಗೆ ಇಷ್ಟೆಲ್ಲ ಯಾಕೆ? 2017ರ ಜೂನ್ 14ರಂದು ಇದೇ ಲಂಡನ್ನಿನಲ್ಲಿ 24 ಮಹಡಿಗಳ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಬೆಂಕಿಯನ್ನು ಮೇಲಕ್ಕೆ ಒಯ್ದದ್ದು ಹೊರಗೋಡೆಯ ಹೊದಿಕೆ. ತನಿಖೆಯ ವೇಳೆ ಅಲ್ಲಿನ ಫ್ಲ್ಯಾಟೊಂದರ ಮುಂಬಾಗಿಲನ್ನೂ ಪರೀಕ್ಷಿಸಿದರು. 30 ನಿಮಿಷ ಬೆಂಕಿ ತಡೆಯಬೇಕಿದ್ದ ಆ ಬಾಗಿಲು ಸುಮಾರು 15 ನಿಮಿಷಕ್ಕೇ ಸೋತಿತು. ಮರುವರ್ಷ, ಕಟ್ಟಡ ಸುರಕ್ಷತೆಯ ನಿಯಮಗಳನ್ನು ಸರ್ಕಾರಕ್ಕಾಗಿ ಪರಿಶೀಲಿಸಿದ ಜುಡಿತ್ ಹ್ಯಾಕಿಟ್ ಅವರ ವರದಿ, ಕಟ್ಟಡದ ಮಾಹಿತಿ ವಿನ್ಯಾಸದಿಂದ ಬಳಕೆಯವರೆಗೆ ಕಡಿಯದ ಚಿನ್ನದ ಎಳೆಯಾಗಿ ಸಾಗಬೇಕು ಎಂದಿತು. 2022ರ ಬಿಲ್ಡಿಂಗ್ ಸೇಫ್ಟಿ ಆ್ಯಕ್ಟ್ ಆ ಮಾತಿಗೆ ಕಾನೂನಿನ ಬಲ ಕೊಟ್ಟಿತು. ಇಂಗ್ಲೆಂಡಿನಲ್ಲಿ 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಈಗ ಸಾಮಾನ್ಯ ಜಾಗಗಳ ಫೈರ್ ಡೋರುಗಳನ್ನು ಮೂರು ತಿಂಗಳಿಗೊಮ್ಮೆ, ಫ್ಲ್ಯಾಟುಗಳ ಮುಂಬಾಗಿಲನ್ನು ವರ್ಷಕ್ಕೊಮ್ಮೆ ನೋಡಬೇಕು.

ನೋಡಿದ್ದನ್ನು ಬರೆದಿಡುವುದು ಯಾವ ಬಾಗಿಲಿನ ಲೆಕ್ಕಕ್ಕೆ? ಅದಕ್ಕೆ ವರ್ಗ ಸಾಲದು. ಏಳು ಬಾಗಿಲುಗಳೂ ಒಂದೇ ವರ್ಗ. ಬ್ರಿಟನ್ನಿನ ಯೂನಿಕ್ಲಾಸ್ ಕೋಷ್ಟಕದಲ್ಲಿ ಏಳೂ ಇಎಫ್_25_30, ಅಂದರೆ ಬಾಗಿಲು ಮತ್ತು ಕಿಟಕಿಗಳು. ಇದೇ ಬಾಗಿಲು ಎಂದು ಬೆರಳು ತೋರಿಸಲು ಅದರದೇ ಗುರುತು ಬೇಕು. ಪ್ರಾಪರ್ಟೀಸ್ ಪಟ್ಟಿಯ ಮೇಲ್ತುದಿಯಲ್ಲಿ ಅದಿದೆ: ಗ್ಲೋಬಲ್ ಐಡಿ. 128 ಬಿಟ್‌ಗಳ ಸಂಖ್ಯೆಯನ್ನು 22 ಚಿಹ್ನೆಗಳಲ್ಲಿ ಅಡಕಗೊಳಿಸಿದ ಸಾಲು. ಪ್ರತಿ ಚಿಹ್ನೆಗೆ ಆರು ಬಿಟ್, ಮೊದಲನೆಯದಕ್ಕೆ ಉಳಿಯುವುದು ಎರಡೇ. ಹಾಗಾಗಿ ಸಾಲು 0, 1, 2, 3ರಲ್ಲಿ ಒಂದರಿಂದಲೇ ಶುರುವಾಗಬೇಕು. ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲಿ ಬೇರೆ ಬೇರೆ. ಎಕ್ಸೆಲ್‌ನಲ್ಲಿ ವಿ-ಲುಕಪ್ ಹಾಕುವವರು ಇದನ್ನು ನೆನಪಿಡಬೇಕು: ಅದು ಆ ಭೇದ ಮಾಡದೆ ಒಂದರ ದಾಖಲೆಯನ್ನು ಇನ್ನೊಂದಕ್ಕೆ ಜೋಡಿಸಿಬಿಡಬಹುದು.

"ಡಿಲೀಟ್ ಮಾಡಿ ಹೊಸ ಡೋರ್ ಹಾಕ್ಲಾ? ಎರಡು ನಿಮಿಷದ ಕೆಲಸ."

ಬೇಡ. ಅಳಿಸಿ ಹೊಸದು ಹಾಕಿದರೆ ಗ್ಲೋಬಲ್ ಐಡಿಯೂ ಹೊಸದಾಗುತ್ತದೆ. ಹಳೆಯದಕ್ಕೆ ಸೈಟಿನವರು ಸೇರಿಸಿಟ್ಟ ಟಿಪ್ಪಣಿ, ಫೋಟೊ ಎಲ್ಲ ಒಡೆಯನಿಲ್ಲದೆ ಉಳಿಯುತ್ತವೆ. ಮಾಡೆಲ್ ತಯಾರಿಸಿದ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಅದೇ ವಸ್ತುವನ್ನು ಆರಿಸಿ, 'ಎಕ್ಸ್‌ಪೋರ್ಟ್ ಟು ಐಎಫ್‌ಸಿ ಆ್ಯಸ್' ಎಂಬ ಪ್ಯಾರಾಮೀಟರಿನಲ್ಲಿ ಐಎಫ್‌ಸಿಡೋರ್ ಎಂದು ಟೈಪಿಸುತ್ತೀರಿ. ಮತ್ತೆ ಎಕ್ಸ್‌ಪೋರ್ಟ್. ಹಳೆಯ ಫೈಲು, ಹೊಸ ಫೈಲು ಎರಡನ್ನೂ ತೆರೆದು 22 ಚಿಹ್ನೆಗಳನ್ನು ಒಂದೊಂದಾಗಿ ಹೋಲಿಸುತ್ತೀರಿ. ಗುರುತು ಹಾಗೇ ಇದೆ, ವರ್ಗ ಬದಲಾಗಿದೆ.

ತಪಾಸಣೆ ಮತ್ತೊಮ್ಮೆ ಓಡುತ್ತದೆ. ಈ ಸಲ ಒಂದು ಸಾಲು ಕೆಂಪು: ಎಂಟನೆಯ ಬಾಗಿಲಿಗೆ ಫೈರ್ ರೇಟಿಂಗ್ ಇಲ್ಲ. ಹುಡುಗಿಯ ಮುಖ ಚಿಕ್ಕದಾಗುತ್ತದೆ. ನಿಮಗೆ ಮಾತ್ರ ಈ ಕೆಂಪು ಸಮಾಧಾನ ತರುತ್ತದೆ, ಏಕೆಂದರೆ ಕೇಳಬೇಕಾದ ಪ್ರಶ್ನೆ ಈಗಷ್ಟೇ ಕೇಳಲ್ಪಟ್ಟಿದೆ.

"ಪಕ್ಕದ್ದೆಲ್ಲಾ ಎಫ್‌ಡಿ30ಎಸ್ ಇದೆ. ಇದಕ್ಕೂ ಅದನ್ನೇ ಹಾಕ್ಬಿಡೋಣ?"

ಎಫ್‌ಡಿ30ಎಸ್ ಅಂದರೆ 30 ನಿಮಿಷ ಬೆಂಕಿ ತಡೆದು, ಹೊಗೆಯನ್ನೂ ತಡೆಯುವ ಬಾಗಿಲು. ಇದೂ ಅಂಥದ್ದೇ ಇರಬಹುದು. ಆದರೆ ಅಲ್ಲಿ ಕೂರಿಸಿದ ನಿಜವಾದ ಬಾಗಿಲಿನ ಪ್ರಮಾಣಪತ್ರ ನೋಡದೆ ಅದನ್ನು ಬರೆದರೆ, ಮಾಡೆಲು ಒಂದು ಕುಟುಂಬಕ್ಕೆ ಸುಳ್ಳು ಭರವಸೆ ಕೊಟ್ಟಂತೆ. ಖಾನೆ ಖಾಲಿಯೇ ಇರಲಿ.

ಲಂಡನ್ನಿಗೆ ಹೋಗುವ ಪ್ರಶ್ನಾಪತ್ರ ತೆರೆಯುತ್ತೀರಿ. ಮಹಡಿ, ಫ್ಲ್ಯಾಟ್ ಸಂಖ್ಯೆ, ಗ್ಲೋಬಲ್ ಐಡಿ. ಕೆಳಗೆ ಒಂದೇ ವಾಕ್ಯ: ಈ ಬಾಗಿಲಿನ ಫೈರ್ ರೇಟಿಂಗ್ ಎಷ್ಟು, ಪ್ರಮಾಣಪತ್ರ ಸಮೇತ ತಿಳಿಸಿ. ಉತ್ತರ ಬರುವವರೆಗೆ ಮಾಡೆಲ್ ಆಚೆ ಹೋಗುವುದಿಲ್ಲ.