ಅಜ್ಜಿಯ ಅಳತೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ 2020ರಲ್ಲಿ ಸುಳ್ಳಾಯಿತು. ಕೊರೋನಾ ಭೀತಿಯಲ್ಲಿ ಬಾಗಿಲಿಕ್ಕಿ ಕುಳಿತ ಪಟ್ಟಣದ ಸಂಸಾರಗಳು ಕುಂಡದ ತುಳಸಿಯನ್ನೂ ಕಾಂಪೌಂಡಿಗೆ ಹಬ್ಬಿದ ಅಮೃತಬಳ್ಳಿಯನ್ನೂ ಹೊಸ ಕಣ್ಣಿನಿಂದ ನೋಡಿದುವು. ಅದುವರೆಗೆ ನೀರು ಕಾಣದಿದ್ದ ದೊಡ್ಡಪತ್ರೆಗೂ ಮರ್ಯಾದೆ ಬಂದಿತು. ಬೆಳಗಿನ ಕಾಫಿಗೆ ಮೊದಲು ಮನೆಮಂದಿಗೆಲ್ಲ ಒಂದೊಂದು ಲೋಟ ಕಷಾಯ. ಕುಡಿದವರು ಮುಖ ಕಿವುಚಿದಷ್ಟೂ ಅದರ ಮೇಲಣ ನಂಬಿಕೆ ಬೆಳೆಯಿತು. ಇಷ್ಟು ಕಹಿಯಾದದ್ದು ಒಳ್ಳೆಯದೇ ಆಗಿರಬೇಕಲ್ಲವೆ?

ಎಲೆಯಲ್ಲಿ ಗುಣವಿಲ್ಲವೆನ್ನುವಂತಿಲ್ಲ. ಪೆಟ್ಟು ಬಿದ್ದಾಗ, ಸೋಂಕು ತಗುಲಿದಾಗ ದೇಹ ತೋರುವ ಪ್ರತಿಭಟನೆಗೆ ಕನ್ನಡದಲ್ಲಿ ಉರಿಯೂತವೆಂದು ಹೆಸರು. ಉರಿ, ಊತಗಳೆರಡೂ ಆ ಹೆಸರಿನಲ್ಲಿಯೇ ಇವೆ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಇವಕ್ಕೆ ಕೆಂಪನ್ನೂ ನೋವನ್ನೂ ಸೇರಿಸಿ ನಾಲ್ಕು ಲಕ್ಷಣಗಳನ್ನು ಹೇಳಿದ. ರಕ್ತನಾಳಗಳು ಹಿಗ್ಗಿ, ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುವುದರ ಫಲವಿದು. ನೆಲಬೇವಿನ ಎಲೆಯಲ್ಲಿರುವ ಆಂಡ್ರೊಗ್ರಾಫೊಲೈಡ್ ಎಂಬ ಕಹಿವಸ್ತು ಈ ಕೋಲಾಹಲವನ್ನು ತಗ್ಗಿಸುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಅಮೃತಬಳ್ಳಿಯ ಸಾರ ರಕ್ಷಕ ಕಣಗಳನ್ನು ಚುರುಕುಗೊಳಿಸುವುದೂ ಕಂಡುಬಂದಿದೆ. ಆದರೆ ಗಾಜಿನ ತಟ್ಟೆಯಲ್ಲಿಟ್ಟ ಕಣಗಳ ಮೇಲೆ ಹನಿಸಿದ ಗಟ್ಟಿ ಸಾರಕ್ಕೂ, ಕರುಳು ಯಕೃತ್ತುಗಳನ್ನು ದಾಟಿ ಸಾಗಬೇಕಾದ ಒಂದು ಲೋಟ ಕಷಾಯಕ್ಕೂ ಬಹಳ ಅಂತರವುಂಟು.

ಆಡುಸೋಗೆಯನ್ನೇ ನೋಡಬಹುದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತಿಗೆ ಇದೊಂದು ಅಪವಾದ. ಆದುದರಿಂದಲೇ ಬೇಲಿಗೆ ಹೇಳಿಮಾಡಿಸಿದ ಗಿಡ. ಕೆಮ್ಮು ಬಂದಾಗ ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ಕೊಡುವುದು ಹಳೆಯ ಪದ್ಧತಿ. ಆ ಎಲೆಯ ವ್ಯಾಸಿಸಿನ್ ಎಂಬ ವಸ್ತುವಿನ ಜಾಡು ಹಿಡಿದೇ 1960ರ ದಶಕದಲ್ಲಿ ಬ್ರೊಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ಬಂದಿತು. ಬೇಲಿಯ ಗಿಡ ಹೀಗೆ ಔಷಧದ ಅಂಗಡಿಯ ಸೀಸೆಯನ್ನು ಸೇರಿತು. ಆದರೆ ಅದೇ ವ್ಯಾಸಿಸಿನ್ ಗರ್ಭಕೋಶವನ್ನು ಸಂಕೋಚಗೊಳಿಸಬಲ್ಲುದು. ಬಸುರಿಗೆ ಆಡುಸೋಗೆ ಕೂಡದೆನ್ನುತ್ತಿದ್ದ ಅಜ್ಜಿಗೆ ವ್ಯಾಸಿಸಿನ್ನಿನ ಹೆಸರು ಗೊತ್ತಿರಲಿಲ್ಲ, ಕೂಡದೆಂಬುದು ಗೊತ್ತಿತ್ತು.

ಅಜ್ಜಿಯ ವೈದ್ಯದಲ್ಲಿ ಎಲೆಯಷ್ಟೇ ಮುಖ್ಯವಾದದ್ದು ಅಳತೆ. ದೊಡ್ಡವರಿಗೆ ಇಷ್ಟು, ಮಗುವಿಗೆ ಒಳಲೆಯಲ್ಲಿ ಇಷ್ಟು, ಮೂರು ದಿನಕ್ಕೆ ಸಾಕು, ಕೆಮ್ಮು ನಿಂತರೆ ರಸವೂ ನಿಲ್ಲಬೇಕು. ಮುಂದಿನ ತಲೆಮಾರು ಎಲೆಯನ್ನು ಉಳಿಸಿಕೊಂಡು ಅಳತೆಯನ್ನು ಬಿಟ್ಟಿತು. ಮೂರು ದಿನದ ಮದ್ದು ಮೂರು ತಿಂಗಳ ವ್ರತವಾಯಿತು.

2021ರಲ್ಲಿ ಮುಂಬಯಿಯ ವೈದ್ಯರು ಆರು ಮಂದಿಯ ವಿವರವನ್ನು ಪ್ರಕಟಿಸಿದರು. ಅಮೃತಬಳ್ಳಿಯನ್ನು ಸೇವಿಸಿದ್ದ ಇವರ ಯಕೃತ್ತಿಗೆ ಪೆಟ್ಟಾಗಿತ್ತು. ದೇಹದ ಕಾವಲುಪಡೆ ತನ್ನ ಮನೆಯ ಮೇಲೆಯೇ ತಿರುಗಿಬಿದ್ದಂತಹ ಲಕ್ಷಣಗಳನ್ನು ಆ ವೈದ್ಯರು ಗುರುತಿಸಿದ್ದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಅದನ್ನು ಹೋಲುವ ಬೇರೊಂದು ಬಳ್ಳಿಯಿದ್ದೀತು ಎಂದಿತು. ವಾದದಲ್ಲಿ ಯಾರೇ ಗೆಲ್ಲಲಿ, ಗೃಹಸ್ಥನಿಗೆ ಪಾಠವೊಂದೇ. ಗಿಡ ಯಾವುದೆಂದು ತಿಳಿದಿರಬೇಕು. ಕುಡಿಯುವವನ ದೇಹಸ್ಥಿತಿ ಎಂತಹದೆಂದೂ ತಿಳಿದಿರಬೇಕು. ಕಾವಲುಗಾರ ಎಚ್ಚರವಾಗಿರುವುದು ಒಳ್ಳೆಯದು; ಮನೆಯವರನ್ನೇ ಕಳ್ಳರೆಂದು ಬಡಿಯುವಷ್ಟು ಎಚ್ಚರ ಒಳ್ಳೆಯದಲ್ಲ.

ಸಕ್ಕರೆ ಕಾಯಿಲೆಗೋ ಕೀಲುನೋವಿಗೋ ವೈದ್ಯರ ಬಳಿ ಹೋದಾಗ, ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರೆಂದು ಅವರು ಕೇಳುವುದುಂಟು. ಬೆಳಿಗ್ಗೆ ತಾನೇ ಒಂದು ಲೋಟ ಕಷಾಯ ಕುಡಿದು ಬಂದ ಯಜಮಾನರು, ಏನೂ ಇಲ್ಲವೆಂದು ತಲೆಯಾಡಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಅಲ್ಲಿ ಮಾತ್ರ ಇನ್ನೂ ಬದುಕಿದೆ.